ಮೊದ್ಲು ಕೆಳಗ ಇಳಿ, ಆಮೇಲೆ ಗೇರ್ ಹಾಕು

ಬಳ್ಳಾರಿ ಅಂದರೆ ಜೀನ್ಸ್ ಅಂತಾರೆ. ಈಗ ಜೀನ್ಸ್ ಜೊತೆಗೆ ಜೀಪೂ ಸೇರಿಕೊಂಡಿದೆ. ಸಂಜೆ ಹೊತ್ತು ರಾಯಲ್ ಸರ್ಕಲ್ ಹತ್ತಿರ ಒಂದು ಚಹಾ ಕುಡಿಯುವಷ್ಟು ಹೊತ್ತು ನಿಂತರೆ ಸಾಕು, ಎರಡು ಮೂರು ಥಾರ್, ಒಂದಾದರೂ ಜಿಮ್ನಿ ಕಣ್ಣಿಗೆ ಬೀಳುತ್ತೆ. ಅವುಗಳಲ್ಲಿ ಎಷ್ಟು ಗಾಡಿಗಳ ಎರಡನೇ ಲಿವರ್ ಒಮ್ಮೆಯಾದರೂ ಅಲ್ಲಾಡಿದೆಯೋ, ಆ ಕೋಟೆ ಗುಡ್ಡಕ್ಕೇ ಗೊತ್ತು.

ಈ ಅಂಕಣ ಓದುವ ಗೆಳತಿಯೊಬ್ಬಳು ಹೋದ ವಾರ ಫೋನ್ ಮಾಡಿದ್ದಳು. "ನಾವೂ ಫೋರ್ ವೀಲ್ ಡ್ರೈವ್ ಬುಕ್ ಮಾಡೀವಿ. ಆಫ್‌ರೋಡ್ ಕಲಿಯಾಕ ಎಷ್ಟು ದಿನ ಬೇಕು?" ಅಂತ ಕೇಳಿದಳು. ನಾನು ಹೇಳಿದ್ದು ಇಷ್ಟೇ: ಗಾಡಿ ಕಲಿಯೋಕೆ ಒಂದು ಮಧ್ಯಾಹ್ನ ಸಾಕು. ನೆಲ ಕಲಿಯೋಕೆ ಒಂದು ವರ್ಷ ಬೇಕು. ಅದರಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಎರಡೂ ಇರಬೇಕು.

ನನ್ನದು ಬ್ಯಾಂಕ್ ಕೆಲಸ, ಬೆಳೆ ಸಾಲದ ವಿಭಾಗ. ವಾರದಲ್ಲಿ ಎರಡು ದಿನ ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಿಗೆ ಹೋಗಬೇಕು. ಟಾರ್ ರಸ್ತೆ ಮುಗಿದ ಮೇಲೆ ಹೊಲದ ತನಕ ಬಂಡಿ ದಾರಿ. ಹಂಗಾಗಿ ಸೆಕೆಂಡ್ ಹ್ಯಾಂಡ್ ಥಾರ್ ತಗೊಂಡೆ. ಇವತ್ತಿಗೂ ಪೆಟ್ರೋಲ್ ಬಂಕಿನಲ್ಲಿ "ಯಜಮಾನ್ರ ಗಾಡಿನಾ ಮೇಡಂ?" ಅಂತ ಕೇಳ್ತಾರೆ. ಇಎಂಐ ನನ್ನ ಅಕೌಂಟಿನಿಂದಲೇ ಹೋಗುತ್ತೆ ಅಂತ ನಗುತ್ತಲೇ ಹೇಳ್ತೀನಿ.

ಕಲಿಸಿದವರು ನನ್ನ ಸೋದರಮಾವ. ಸಿರುಗುಪ್ಪದ ಆಚೆಗಿನ ಹಳ್ಳಿಯಲ್ಲಿ ಭತ್ತದ ಬೇಸಾಯ. ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಓಡಿಸ್ತಿದ್ದಾರೆ. ಗಾಡಿ ತಂದ ದಿನ ಸುತ್ತ ಒಂದು ರೌಂಡ್ ಹಾಕಿದರು, ಬಾಗಿ ಅಡಿಭಾಗ ನೋಡಿದರು, ಟೈರಿಗೆ ಹೆಬ್ಬೆರಳು ಒತ್ತಿದರು. ಆಮೇಲೆ, "ಗಾಡಿ ಚಲೋ ಐತಿ. ನಿನಗ ನೆಲ ಗೊತ್ತೈತೇನವ್ವಾ?" ಅಂದರು.

ಲಿವರ್ ಪಾಠ

ಮೊದಲು ಗಾಡಿಯ ಕಥೆ ಮುಗಿಸಿಬಿಡೋಣ. ಥಾರ್, ಜಿಮ್ನಿ ಎರಡರಲ್ಲೂ ಮಾಮೂಲಿ ಗೇರ್ ಲಿವರ್ ಪಕ್ಕ ಇನ್ನೊಂದು ಸಣ್ಣ ಲಿವರ್ ಇರುತ್ತೆ. ಟೂ ಎಚ್ ಅಂದರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ ಬಲ. ಊರೊಳಗೆ, ಹೈವೇಯಲ್ಲಿ ಇದೇ ಸಾಕು. ಫೋರ್ ಎಚ್ ಅಂದರೆ ಮುಂದಕ್ಕೂ ಹಿಂದಕ್ಕೂ ಬಲ ಹೋಗುತ್ತೆ. ಕೆಸರು, ಮರಳು, ಸಡಿಲ ಗರಸಿಗೆ ಇದು. ಫೋರ್ ಎಲ್ ಅಂದರೆ ವೇಗ ಎರಡರಿಂದ ಎರಡೂವರೆ ಪಟ್ಟು ಇಳಿದು, ಎಳೆಯುವ ಬಲ ಅಷ್ಟೇ ಪಟ್ಟು ಏರುತ್ತೆ. ಕಲ್ಲು ಹತ್ತೋಕೆ, ಕಡಿದಾದ ಇಳಿಜಾರು ಇಳಿಯೋಕೆ. ಇದನ್ನು ಗಾಡಿ ನಿಲ್ಲಿಸಿಯೇ ಹಾಕಬೇಕು.

ಬಳ್ಳಾರಿಯ ಒಣ ಟಾರ್ ರಸ್ತೆಯಲ್ಲಿ ಶೋಕಿಗೆ ಫೋರ್ ಎಚ್ ಹಾಕಿಕೊಂಡು ತಿರುಗುವವರಿದ್ದಾರೆ. ಅದು ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡುತ್ತವೆ. ಈ ಬಗೆಯ ಗಾಡಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್ ಎರಡೂ ಒಟ್ಟಿಗೆ ಬಿಗಿದುಕೊಂಡಿರುತ್ತವೆ. ಮಣ್ಣಾದರೆ ಟೈರ್ ಸ್ವಲ್ಪ ಜಾರಿ ಹೊಂದಿಕೊಳ್ಳುತ್ತೆ. ಒಣ ಟಾರ್‌ನಲ್ಲಿ ಜಾರೋಕೆ ಆಗದೆ ಆ ಬಿಗಿ ಎಲ್ಲಾ ಗೇರುಗಳ ಮೇಲೆ ಬೀಳುತ್ತೆ.

ಇನ್ನೊಂದು ವಿಷಯ. ನಾಲ್ಕು ಚಕ್ರಕ್ಕೆ ಬಲ ಬಂದರೂ ಒಂದು ಚಕ್ರ ಗಾಳಿಯಲ್ಲಿ ನೇತಾಡಿದರೆ, ಡಿಫರೆನ್ಷಿಯಲ್ ಆ ಬಲವನ್ನು ಸುಲಭವಾಗಿ ತಿರುಗುವ ಕಡೆಗೇ ಕಳಿಸುತ್ತೆ. ನೆಲ ಹಿಡಿದ ಚಕ್ರ ಸುಮ್ಮನೆ ನಿಲ್ಲುತ್ತೆ. ಇದಕ್ಕೆ ಈಗಿನ ಗಾಡಿಗಳಲ್ಲಿ ಮದ್ದಿದೆ. ಕೆಲವದರಲ್ಲಿ ಕಂಪ್ಯೂಟರ್ ಬರೀ ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಬಲವನ್ನು ಇನ್ನೊಂದಕ್ಕೆ ತಳ್ಳುತ್ತೆ. ಕೆಲವದರಲ್ಲಿ ಡಿಫರೆನ್ಷಿಯಲ್ಲೇ ಲಾಕ್ ಆಗುತ್ತೆ. 1947ರಲ್ಲಿ ಮಹೀಂದ್ರಾದವರು ವಿಲ್ಲೀಸ್ ಜೀಪ್ ಜೋಡಿಸೋಕೆ ಶುರುಮಾಡಿದಾಗ ಇದ್ಯಾವುದೂ ಇರಲಿಲ್ಲ. ಆಗ ಎಲ್ಲಾ ಡ್ರೈವರ್ ತಲೆಯಲ್ಲೇ ಇರಬೇಕಿತ್ತು.

ಆದರೆ ಒಂದು ಮಾತು ಯಾವ ಜಾಹೀರಾತಿನಲ್ಲೂ ಬರಲ್ಲ. ಹೊರಡೋಕೆ, ಹತ್ತೋಕೆ ನಾಲ್ಕು ಚಕ್ರದ ಬಲ ಸಹಾಯ ಮಾಡುತ್ತೆ. ಬ್ರೇಕ್ ಹಾಕಿ ನಿಲ್ಲೋಕೆ ಅಲ್ಲ. ಬ್ರೇಕ್ ಎಲ್ಲಾ ಗಾಡಿಯಲ್ಲೂ ನಾಲ್ಕು ಚಕ್ರಕ್ಕೇ ಇರುತ್ತೆ.

ಕುರುಗೋಡಿನ ಕಲ್ಲು

ಮೊದಲ ಪಾಠ ಆಗಿದ್ದು ಕುರುಗೋಡಿನ ಹತ್ತಿರ. ದೊಡ್ಡಬಸವೇಶ್ವರ ದೇವಸ್ಥಾನದ ಏಕಶಿಲೆಯ ನಂದಿಯನ್ನು ನೋಡಿದವರಿಗೆ ಆ ಊರಿನ ಕಲ್ಲು ಎಂಥದು ಅಂತ ಗೊತ್ತು. ಸುತ್ತ ಎಲ್ಲಿ ನೋಡಿದರೂ ಗ್ರಾನೈಟ್ ಗುಡ್ಡ, ಒಂದರ ಮೇಲೊಂದು ಕೂತ ಗುಂಡು. ಅಲ್ಲಿ ನಮ್ಮ ನೆಂಟರೊಬ್ಬರ ಹೊಲವಿದೆ. ಅರ್ಧ ಹೊಲ ಹಾಸುಗಲ್ಲು, ಬೆಳೆ ಇಲ್ಲ. ಅವರನ್ನು ಕೇಳಿಯೇ ಒಳಗೆ ಹೋದೆವು.

ಫೋರ್ ಎಲ್, ಮೊದಲ ಗೇರ್. ಮಾಮ ಗಾಡಿ ಶುರು ಮಾಡೋಕೆ ಬಿಡಲಿಲ್ಲ. "ಮೊದ್ಲು ಕೆಳಗ ಇಳಿ. ಹೋಗೋ ದಾರೀನ ಒಂದ್ಸಲ ನಡಿ" ಅಂದರು. ನಡೆದೆ. ಸ್ಟೀರಿಂಗ್ ಹಿಂದೆ ಕೂತಾಗ ಕಾಣದ ಮೂರು ಕಲ್ಲು ನಡೆಯುವಾಗ ಕಂಡವು. ಒಂದು ಕಲ್ಲು ಅಲ್ಲಾಡುತ್ತಿತ್ತು.

ಅಲ್ಲಿ ಕಲಿತಿದ್ದು ಹೀಗೆ. ದೊಡ್ಡ ಕಲ್ಲು ಎದುರಾದರೆ ಅದನ್ನು ಎರಡು ಚಕ್ರದ ನಡುವೆ ಬಿಟ್ಟು ದಾಟಿಸೋಣ ಅನ್ನಿಸುತ್ತೆ. ಆದರೆ ಹಿಂದಿನ ಆಕ್ಸಲ್ ಮಧ್ಯದಲ್ಲಿರುವ ಡಿಫರೆನ್ಷಿಯಲ್ ಗಡ್ಡೆ ತಳದಲ್ಲಿ ಜೋತುಕೊಂಡಿರುತ್ತೆ, ಕಲ್ಲು ಅಲ್ಲೇ ತಾಗುತ್ತೆ. ಥಾರ್‌ಗೆ ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ 226 ಮಿ.ಮೀ., ಜಿಮ್ನಿಗೆ 210. ಒಂದು ಗೇಣಿಗಿಂತ ಹೆಚ್ಚೇನಿಲ್ಲ. ಹಾಗಾಗಿ ಗಟ್ಟಿಯಾಗಿ ಕೂತ ಕಲ್ಲಾದರೆ ಟೈರನ್ನೇ ಅದರ ಮೇಲೆ ಹತ್ತಿಸಬೇಕು. ಆಗ ಗಾಡಿಯ ಹೊಟ್ಟೆಯೂ ಮೇಲೇಳುತ್ತೆ.

ಹತ್ತುವಾಗ ಕ್ಲಚ್ ಪೂರ್ತಿ ಬಿಡಬೇಕು. ಫೋರ್ ಎಲ್‌ನಲ್ಲಿ ಎಂಜಿನ್ ತಾನೇ ಇರುವೆ ಹೋದಂಗೆ ಎಳೆಯುತ್ತೆ. ಅರ್ಧ ಕ್ಲಚ್ ಒತ್ತಿಕೊಂಡು ರೇಸ್ ಕೊಟ್ಟರೆ ಸುಟ್ಟ ವಾಸನೆ ಬರುತ್ತೆ, ಆಮೇಲೆ ಮೆಕ್ಯಾನಿಕ್ ಬಿಲ್ ಬರುತ್ತೆ. ಇಳಿಯುವಾಗಲೂ ಅದೇ ಮೊದಲ ಗೇರ್, ಕಾಲು ಕ್ಲಚ್‌ನಿಂದ ದೂರ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತೆ. ಇಳಿಜಾರಿನಲ್ಲಿ ಅಡ್ಡಡ್ಡ ಹೋಗಬಾರದು, ನೇರ ಇಳಿಯಬೇಕು. ಹತ್ತುತ್ತಾ ನಡುವೆ ಗಾಡಿ ನಿಂತುಹೋದರೆ ಅಲ್ಲೇ ತಿರುಗಿಸೋಕೆ ಹೋಗಬಾರದು. ಬ್ರೇಕ್ ಹಿಡಿದು, ರಿವರ್ಸ್ ಗೇರ್ ಹಾಕಿ, ಬಂದ ದಾರಿಯಲ್ಲೇ ನೇರ ಹಿಂದಕ್ಕೆ. ಗಾಡಿ ಮಗುಚುವುದು ಹೆಚ್ಚಾಗಿ ಅಡ್ಡ ತಿರುಗಿದಾಗಲೇ.

ಸ್ಟೀರಿಂಗ್ ಹಿಡಿಯುವಾಗ ಹೆಬ್ಬೆರಳು ಒಳಗೆ ಸುತ್ತಿಕೊಳ್ಳಬಾರದು, ಅಂಚಿನ ಮೇಲೇ ಇರಲಿ. ಕಲ್ಲಿಗೆ ಚಕ್ರ ತಾಗಿ ಸ್ಟೀರಿಂಗ್ ಸರಕ್ಕನೆ ತಿರುಗಿದರೆ ಬೆರಳಿಗೆ ಪೆಟ್ಟು.

ಎಲ್ಲಕ್ಕಿಂತ ಮುಖ್ಯ, ಹೊರಗೆ ನಿಂತು ಕೈ ತೋರಿಸುವ ಒಬ್ಬರು ಬೇಕು. ಒಬ್ಬರೇ, ಐದು ಜನ ಅಲ್ಲ. ಐವರು ನಿಂತರೆ ಒಬ್ಬರು ಎಡಕ್ಕೆ ಅಂತಾರೆ, ಇನ್ನೊಬ್ಬರು ಬಲಕ್ಕೆ ಅಂತಾರೆ, ಉಳಿದವರು ವಿಡಿಯೋ ಮಾಡ್ತಾರೆ.

ಹಗರಿಯ ಮರಳು

ವೇದಾವತಿ ನದಿಗೆ ನಮ್ಮ ಕಡೆ ಹಗರಿ ಅಂತೀವಿ. ಸಿರುಗುಪ್ಪ ತಾಲ್ಲೂಕಿನಲ್ಲಿ ಅದು ತುಂಗಭದ್ರೆಯನ್ನು ಸೇರುತ್ತೆ. ಬೇಸಿಗೆಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಹಳ್ಳಿಯವರು ಟ್ರ್ಯಾಕ್ಟರ್ ದಾಟಿಸುವ ಜಾಡಿನಲ್ಲಿ ಏಪ್ರಿಲ್ ಬಿಸಿಲಲ್ಲಿ ಎರಡನೇ ಪಾಠ.

ಮರಳಿನ ಗುಟ್ಟು ಗಾಳಿಯಲ್ಲಿದೆ, ಟೈರಿನ ಗಾಳಿಯಲ್ಲಿ. ರಸ್ತೆಗೆ 30ರ ಆಚೀಚೆ ಪಿಎಸ್‌ಐ ಇರುವುದನ್ನು 18ರಿಂದ 20ಕ್ಕೆ ಇಳಿಸಿದರೆ ಟೈರ್ ಚಪ್ಪಟೆಯಾಗಿ ಉದ್ದಕ್ಕೆ ಹರಡಿಕೊಳ್ಳುತ್ತೆ. ಅದೇ ಭಾರ ಹೆಚ್ಚು ಜಾಗದ ಮೇಲೆ ಹಂಚಿಹೋಗುವುದರಿಂದ ಮರಳಿನಲ್ಲಿ ಹೂತುಹೋಗಲ್ಲ. ಒಂಟೆಯ ಪಾದ ನೆನಪಿಸಿಕೊಳ್ಳಿ. ತುಂಬಾ ಇಳಿಸಿದರೆ ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಿಕೊಳ್ಳುವ ಭಯ. ಹಾಗಾಗಿ ವೇಗ ಕಡಿಮೆ, ತಿರುವು ಅಗಲ. ಟಾರ್ ರಸ್ತೆಗೆ ಬರುವ ಮುಂಚೆ ಮತ್ತೆ ಗಾಳಿ ತುಂಬಲೇಬೇಕು. 12 ವೋಲ್ಟ್‌ನ ಸಣ್ಣ ಕಂಪ್ರೆಸರ್ ಇದ್ದರೆ ಪಂಕ್ಚರ್ ಅಂಗಡಿ ಹುಡುಕೋ ಕೆಲಸ ಇಲ್ಲ.

ಕಲ್ಲಿನಲ್ಲಿ ನಿಧಾನ ಎಷ್ಟು ಮುಖ್ಯವೋ ಮರಳಿನಲ್ಲಿ ಓಟ ಅಷ್ಟೇ ಮುಖ್ಯ. ನಿಲ್ಲದೆ, ಒಂದೇ ಸಮ ಹೋಗಬೇಕು. ಬ್ರೇಕ್ ಒತ್ತಿದರೆ ಟೈರ್ ಮುಂದೆ ಮರಳಿನ ಗುಡ್ಡೆ ಏಳುತ್ತೆ, ಹಾಗಾಗಿ ಕಾಲು ತೆಗೆದು ತಾನೇ ನಿಲ್ಲೋಕೆ ಬಿಡಬೇಕು. ಚಕ್ರ ಸುಮ್ಮನೆ ತಿರುಗೋಕೆ ಶುರುವಾದರೆ ಆಕ್ಸಿಲರೇಟರ್ ಬಿಟ್ಟುಬಿಡಿ. ಒಂದೊಂದು ಸುತ್ತೂ ಗುಂಡಿಯನ್ನು ಆಳ ಮಾಡುತ್ತೆ. ಬಂದ ಜಾಡಿನಲ್ಲೇ ಹಿಂದಕ್ಕೆ ಬಂದು ಇನ್ನೊಮ್ಮೆ ಪ್ರಯತ್ನಿಸಿ.

ಸಿರುಗುಪ್ಪದ ಎರೆ

ಮೂರನೇ ಪಾಠ ಮಳೆಗಾಲದ್ದು, ಅದು ಕಷ್ಟದ್ದು. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪ ಭತ್ತದ ನಾಡಾಯಿತು. ನೆಲ ಎರೆ. ಈ ಕಪ್ಪು ಮಣ್ಣಿನಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತೆ, ಒಣಗಿದಾಗ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತೆ. ಒಣಗಿದ್ದಾಗ ಅದರ ಮೇಲೆ ಲಾರಿ ಓಡುತ್ತೆ. ಎರಡು ತಾಸು ಮಳೆ ಬಿದ್ದರೆ ಸೈಕಲ್ ಕೂಡ ಹೋಗಲ್ಲ, ಮಡ್‌ಗಾರ್ಡ್ ತುಂಬಿ ಚಕ್ರವೇ ತಿರುಗಲ್ಲ.

ಟೈರಿಗೂ ಅದೇ ಗತಿ. ಎರೆ ಮಣ್ಣು ಟೈರಿನ ಗೆರೆಗಳಲ್ಲಿ ತುಂಬಿಕೊಂಡರೆ ಎಂಥ ದುಬಾರಿ ಟೈರೂ ಬೋಳಾಗುತ್ತೆ. ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ಅಷ್ಟು ದಪ್ಪ ಪಟ್ಟಿ ಇರುವುದು, ಗದ್ದೆ ಕೆಸರು ಮಾಡುವಾಗ ಕಬ್ಬಿಣದ ಕೇಜ್ ವೀಲ್ ಹಾಕುವುದು ಇದಕ್ಕೇ. ನಮ್ಮ ಗಾಡಿ ಆ ಕೆಲಸಕ್ಕೆ ಹುಟ್ಟಿದ್ದಲ್ಲ.

ಮಾಮನ ಪರೀಕ್ಷೆ ಸರಳ. "ಚಪ್ಪಲಿ ತೆಗಿ. ಹತ್ತು ಹೆಜ್ಜಿ ನಡಿ." ಹಿಮ್ಮಡಿ ಒಂದು ಬೆರಳು ಇಳಿದು ಕೆಳಗೆ ಗಟ್ಟಿ ಸಿಕ್ಕರೆ ಫೋರ್ ಎಚ್, ಎರಡನೇ ಗೇರ್, ನಿಲ್ಲದೆ ಹೋಗಬಹುದು. ಪಾದ ಮುಳುಗಿ, ಎತ್ತುವಾಗ ಮಣ್ಣೂ ಜೊತೆಗೆ ಎದ್ದು ಬಂದರೆ ಗಾಡಿ ಅಲ್ಲೇ ನಿಲ್ಲಿಸಿ ನಡೆದುಕೊಂಡು ಹೋಗೋದು. ಸಾಲದ ಫೈಲ್ ಹಿಡಿದು ಎಷ್ಟೋ ಸಲ ಹಾಗೇ ನಡೆದಿದ್ದೀನಿ.

ಇಲ್ಲಿ ಇನ್ನೊಂದು ಲೆಕ್ಕವಿದೆ. ಅದು ಗಾಡಿಯ ಲೆಕ್ಕವಲ್ಲ. ಹಸಿ ಎರೆಯಲ್ಲಿ ಒಂದು ಜೀಪ್ ಹೋದರೆ ಆಳವಾದ ಜಾಡು ಬೀಳುತ್ತೆ. ಮೂರು ದಿನ ಬಿಸಿಲು ಬಿದ್ದರೆ ಆ ಜಾಡು ಕಬ್ಬಿಣ. ಆಮೇಲೆ ಅದೇ ದಾರಿಯಲ್ಲಿ ಭತ್ತದ ಮೂಟೆ ಹೇರಿದ ಬಂಡಿ ಬರಬೇಕು, ಎತ್ತು ಕಾಲಿಡಬೇಕು, ಸೈಕಲ್ ಮೇಲೆ ಮಕ್ಕಳು ಶಾಲೆಗೆ ಹೋಗಬೇಕು. ಗದ್ದೆಯ ಬದುವಿನ ಮೇಲೆ ಚಕ್ರ ಹತ್ತಿ ಒಂದು ಮೊಳ ಕುಸಿದರೆ ಒಬ್ಬರ ಗದ್ದೆಯ ನೀರು ಇನ್ನೊಬ್ಬರ ಗದ್ದೆಗೆ ಹೋಗುತ್ತೆ. ರೀಲ್ಸ್‌ನಲ್ಲಿ ಕೆಸರು ಹಾರಿಸುವ ಹದಿನೈದು ಸೆಕೆಂಡ್ ಚೆನ್ನಾಗೇ ಕಾಣುತ್ತೆ. ಆ ಬದು ಕಟ್ಟೋಕೆ ಯಾರೋ ಎರಡು ದಿನ ಸಲಿಕೆ ಹಿಡಿದಿರ್ತಾರೆ, ಅದು ವಿಡಿಯೋದಲ್ಲಿ ಬರಲ್ಲ.

ಆಫ್‌ರೋಡ್ ಅಂತ ನಾವು ಕರೆಯುವ ಜಾಗ ಯಾರದೋ ರೋಡ್. ಈ ಮಾತನ್ನು ನಾನು ಗಾಡಿಯ ಕೈಪಿಡಿಯಲ್ಲಿ ಓದಲಿಲ್ಲ, ಬದುವಿನ ಮೇಲೆ ನಿಂತು ಕಲಿತೆ.

ಹಳ್ಳದ ದಂಡೆಯಲ್ಲಿ

ಕಳೆದ ಅಕ್ಟೋಬರ್. ಎರಡು ದಿನದಿಂದ ಮಳೆ. ಮಾಮನ ಸೊಸೆಗೆ ತಿಂಗಳು ತುಂಬಿತ್ತು. ರಾತ್ರಿ ಎಂಟಕ್ಕೆ ನೋವು ಶುರುವಾಯಿತು. ನಾನು ಹಬ್ಬಕ್ಕೆ ಅಂತ ಅಲ್ಲೇ ಇದ್ದೆ. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅತ್ತೆ ಪಕ್ಕ ಕೂತು, ಮಾಮ ಮುಂದೆ ಕೂತು ಹೊರಟೆವು. ಸಿರುಗುಪ್ಪಕ್ಕೆ ಹೋಗುವ ಹತ್ತಿರದ ದಾರಿಯಲ್ಲಿ ಒಂದು ಹಳ್ಳವಿದೆ. ಅದರ ಮೇಲೆ ತಗ್ಗಾದ ಸೇತುವೆ. ಹೆಡ್‌ಲೈಟ್ ಬೆಳಕಲ್ಲಿ ಸೇತುವೆ ಕಾಣಲಿಲ್ಲ. ಕೆಂಪು ನೀರು ಮಾತ್ರ ಓಡುತ್ತಿತ್ತು.

ಮಾಮ ಹೇಳಿದರು, "ಹೊಡಿಯವ್ವಾ. ಮಣಕಾಲಿನಷ್ಟು ಐತಿ. ನಿನ್ನ ಗಾಡಿ ದಾಟ್ತೈತಿ."

ನನಗೂ ಹಾಗೇ ಅನ್ನಿಸಿತ್ತು. ಥಾರ್ 650 ಮಿ.ಮೀ. ನೀರಿನಲ್ಲಿ ಹೋಗಬಲ್ಲದು ಅಂತ ಕಂಪನಿ ಹೇಳುತ್ತೆ. ಮೊಣಕಾಲು ಅದಕ್ಕಿಂತ ಕಡಿಮೆಯೇ. ಆದರೆ ಹರಿಯುವ ನೀರಿಗೆ ಆ ಲೆಕ್ಕ ನಡೆಯಲ್ಲ. ನೀವೇ ಗುಣಿಸಿ ನೋಡಿ. ಗಾಡಿ ಹತ್ತಿರ ಹತ್ತಿರ 4 ಮೀಟರ್ ಉದ್ದ, 1.8 ಮೀಟರ್ ಅಗಲ. ನೀರು ಗಾಡಿಯ ತಳ ಮುಟ್ಟಿದ ಮೇಲೆ ಪ್ರತಿ 10 ಸೆಂ.ಮೀ. ಏರಿದಾಗಲೂ ಸುಮಾರು 700 ಕೆಜಿಯಷ್ಟು ಮೇಲಕ್ಕೆ ಎತ್ತುತ್ತೆ. ಗಾಡಿಯ ತೂಕ 1,700 ಕೆಜಿ ಅಂದುಕೊಂಡರೂ ತಳದಿಂದ ಒಂದು ಗೇಣು ಮೇಲೇರಿದರೆ ಚಕ್ರಗಳು ನೆಲ ಬಿಡುವ ಹಂತ ಬಂತು. ಆಮೇಲೆ ನಾಲ್ಕು ಚಕ್ರಕ್ಕೆ ಬಲ ಇದ್ದರೇನು, ಹದಿನಾರಕ್ಕೆ ಇದ್ದರೇನು. ಹರಿಯುವ ನೀರು 30 ಸೆಂ.ಮೀ. ಇದ್ದರೆ ಸಣ್ಣ ಕಾರನ್ನು, 60 ಸೆಂ.ಮೀ. ಇದ್ದರೆ ದೊಡ್ಡ ಎಸ್‌ಯುವಿಗಳನ್ನೂ ಕೊಚ್ಚಿಕೊಂಡು ಹೋಗುತ್ತೆ ಅಂತ ಪ್ರವಾಹದ ಎಚ್ಚರಿಕೆಗಳಲ್ಲಿ ಹೇಳುತ್ತಾರೆ. ಅದೂ ಅಲ್ಲದೆ ಆ ನೀರಿನ ಕೆಳಗೆ ಸೇತುವೆ ಪೂರ್ತಿ ಉಳಿದಿದೆಯೋ, ಅರ್ಧ ಹೋಗಿದೆಯೋ, ಮೇಲಿಂದ ಕಾಣಲ್ಲ.

ಇಳಿದೆ. ದಂಡೆಯಲ್ಲಿ ನಿಂತು ಒಂದು ಕಟ್ಟಿಗೆ ತುಂಡು ನೀರಿಗೆ ಎಸೆದೆ. ಟಾರ್ಚ್ ಬೆಳಕು ಅದನ್ನು ಹಿಂಬಾಲಿಸುವ ಮೊದಲೇ ಅದು ಕಾಣೆಯಾಯಿತು.

"ಮಾಮ, ದಾಟಲ್ಲ. ಸುತ್ತು ಹಾಕಿ ಹೋಗೋಣ."

ಅವರು ಬಾಗಿಲು ತೆಗೆದು ಇಳಿದು ಬಂದರು. ಸ್ವಲ್ಪ ಹೊತ್ತು ನೀರನ್ನೇ ನೋಡಿದರು. 2009ರ ನೆರೆ ಕಂಡ ಕಣ್ಣು ಅವು. ಆ ಅಕ್ಟೋಬರ್ ಮೊದಲ ವಾರ ಸಿರುಗುಪ್ಪ ತಾಲ್ಲೂಕಿನಲ್ಲಿ ನೀರು ಏನು ಮಾಡಿತ್ತು ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೆ ಗಾಡಿಯೊಳಗಿನಿಂದ ಸೊಸೆ ನರಳುವ ಸದ್ದು ಬರ್ತಿತ್ತು. ಏನೂ ಮಾತಾಡದೆ ಬಂದು ಕೂತರು. ನಾನು ಗಾಡಿ ಹಿಂದಕ್ಕೆ ತೆಗೆದೆ.

ಇನ್ನೊಂದು ದಾರಿ ಎತ್ತರದ ಗರಸು ದಾರಿ. ಒಂಬತ್ತು ಕಿಲೋಮೀಟರ್ ಹೆಚ್ಚು. ಮೇಲಿನ ಪದರ ಜಾರುತ್ತಿತ್ತು, ಕೆಳಗೆ ಗಟ್ಟಿ. ಫೋರ್ ಎಚ್, ಎರಡನೇ ಗೇರ್, ಒಂದೇ ಸಮ. ಎರಡು ಕಡೆ ಮಾಮ ಇಳಿದು ಮುಂದೆ ನಡೆದು ಟಾರ್ಚ್ ಹಿಡಿದರು, ನಾನು ಅವರ ಹೆಜ್ಜೆಯ ಹಿಂದೆ ಗಾಡಿ ತಂದೆ. ಮಾಮೂಲಿ ಕಾರಾಗಿದ್ದರೆ ಆ ದಾರಿಯಲ್ಲಿ ಆ ರಾತ್ರಿ ಬರೋಕೆ ಆಗ್ತಿರಲಿಲ್ಲ. ಗಾಡಿ ತನ್ನ ದುಡ್ಡಿಗೆ ತಕ್ಕ ಕೆಲಸ ಮಾಡಿದ್ದು ಅಲ್ಲಿ. ಹಳ್ಳದ ಹತ್ತಿರ ಮಾಡಿದ ಕೆಲಸ ಮಾತ್ರ ರಿವರ್ಸ್ ಗೇರಿನದು.

ಆಸ್ಪತ್ರೆ ಮುಟ್ಟಿದಾಗ ಹತ್ತೂವರೆ. ಬೆಳಗಿನ ಜಾವ ಹೆಣ್ಣು ಮಗು ಆಯಿತು. ಕಾರಿಡಾರಿನ ಬೆಂಚಿನ ಮೇಲೆ ಮಾಮ ಚಹಾ ಕಪ್ ನನ್ನ ಕೈಗೆ ಕೊಟ್ಟು ಹೇಳಿದ್ದು ಒಂದೇ ಮಾತು: "ಹಳ್ಳದ ತಾವ ನೀ ನಮ್ಮ ಮಾತು ಕೇಳಲಿಲ್ಲ, ಚಲೋ ಆತು."

ಡಿಕ್ಕಿಯಲ್ಲಿ ಏನಿರಬೇಕು

ಹೊಸ ಗಾಡಿ ತಗೊಂಡವರು ಮೊದಲು ಛಾವಣಿ ಮೇಲೆ ಲೈಟ್ ಸಾಲು ಹಾಕಿಸ್ತಾರೆ. ಆ ದುಡ್ಡಿನಲ್ಲಿ ಮೊದಲು ಇವು ಬರಲಿ: ಟೈರ್ ಗಾಳಿ ನೋಡುವ ಗೇಜ್, ಸಣ್ಣ ಕಂಪ್ರೆಸರ್, ಒಂದು ಸಲಿಕೆ, ಗಾಡಿಯ ತೂಕಕ್ಕೆ ತಕ್ಕ ಎಳೆಯುವ ಹಗ್ಗ, ಎರಡು ಶಾಕಲ್, ಕೈಗವಸು, ಟಾರ್ಚ್, ಕುಡಿಯುವ ನೀರು. ಹಗ್ಗವನ್ನು ಕಂಪನಿ ಕೊಟ್ಟ ಟೋ ಹುಕ್ಕಿಗೇ ಸಿಗಿಸಬೇಕು, ಬಂಪರಿಗಲ್ಲ. ಎಳೆಯುವಾಗ ಹಗ್ಗದ ಮಧ್ಯಕ್ಕೆ ಒಂದು ದಪ್ಪ ಗೋಣಿಚೀಲವೋ ಕಂಬಳಿಯೋ ಹೊದಿಸಿ. ಹಗ್ಗ ಹರಿದರೆ ಅದರ ತುದಿ ಚಾಟಿಯಂತೆ ಬೀಸುತ್ತೆ. ನೋಡುತ್ತಾ ನಿಂತವರೆಲ್ಲ ಹಗ್ಗದ ಉದ್ದಕ್ಕಿಂತ ದೂರ ಇರಬೇಕು.

ಒಂಟಿಯಾಗಿ ಹೋಗಬೇಡಿ, ಇನ್ನೊಂದು ಗಾಡಿ ಇರಲಿ. ಇಲ್ಲವೆಂದರೆ ಹತ್ತಿರದ ಹಳ್ಳಿಯಲ್ಲಿ ಟ್ರ್ಯಾಕ್ಟರ್ ಇರುವವರ ನಂಬರ್ ಇರಲಿ. ಅವರು ಬಂದು ಎಳೆದು ಕೊಟ್ಟರೆ ಡೀಸೆಲ್ ದುಡ್ಡು ಕೇಳೋಕೆ ಮುಂಚೆಯೇ ಕೊಡಿ. ಅರಣ್ಯ, ಗಣಿ, ಕೆರೆ ಅಂಗಳಕ್ಕೆ ಅನುಮತಿಯಿಲ್ಲದೆ ಹೋಗಬೇಡಿ. ಸಂಗನಕಲ್ಲಿನಂಥ ಗುಡ್ಡಗಳಲ್ಲಿ ಸಾವಿರಾರು ವರ್ಷದ ಹಿಂದಿನ ಜನ ಕಲ್ಲಿನ ಕೊಡಲಿ ತಯಾರಿಸಿದ ಗುರುತುಗಳು ಇನ್ನೂ ನೆಲದ ಮೇಲೇ ಬಿದ್ದಿವೆ. ಅಲ್ಲಿ ಟೈರಿಗೆ ಕೆಲಸವಿಲ್ಲ.

ಮೊದಲ ಸಲ ಹೋಗುವವರು ಮಳೆ ನಿಂತು ನಾಲ್ಕು ದಿನ ಕಳೆದ ಮೇಲೆ, ಬೆಳಗಿನ ಹೊತ್ತು, ನಿಮ್ಮದೇ ಊರಿನ ಬಂಡಿ ದಾರಿಗೆ ಹೋಗಿ. ಆ ನೆಲ ಬಲ್ಲ ಹಿರಿಯರೊಬ್ಬರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳಿ. ಅವರಿಗೆ ಫೋರ್ ವೀಲ್ ಡ್ರೈವ್ ಅಂದರೇನು ಅಂತ ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

ಮತ್ತೆ, ಶೂ ಬೇಡ, ಚಪ್ಪಲಿ ಹಾಕ್ಕೊಂಡು ಹೋಗಿ. ತೆಗೆದು ನಡೆಯೋಕೆ ಸುಲಭ.